ಅಪರೂಪಕ್ಕೆ ಕೇಳಿದರೂ ಚೆನ್ನಾಗಿ ಕೇಳಬೇಕು: ಮಿತವೆಚ್ಚದ ಡಿಸ್ಕ್ ಪ್ಲೇಯರ್ ಆರಿಸುವವರಿಗೆ ಸಮಗ್ರ ಮಾರ್ಗದರ್ಶಿ

ವಾರಕ್ಕೊಮ್ಮೆಯೋ ತಿಂಗಳಿಗೆ ಒಂದೆರಡು ಬಾರಿಯೋ ಬಿಡುವು ಮಾಡಿಕೊಂಡು, ಒಂದು ಧ್ವನಿಮುದ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಕೂತು ಕೇಳುವವರಿಗೆ ಡಿಸ್ಕ್ ಪ್ಲೇಯರ್ ಈಗಲೂ ಒಳ್ಳೆಯ ಸಾಧನ. ಆದರೆ ಅಂಥವರು ಪ್ಲೇಯರ್ ಕೊಳ್ಳಲು ಹೊರಟಾಗ ಸಿಗುವ ಸಲಹೆಗಳಲ್ಲಿ ಬಹುಪಾಲು, ದಿನವಿಡೀ ಕೇಳುವವರನ್ನೋ ಉಪಕರಣಗಳನ್ನೇ ಹವ್ಯಾಸ ಮಾಡಿಕೊಂಡವರನ್ನೋ ಮನಸ್ಸಿನಲ್ಲಿಟ್ಟುಕೊಂಡು ಹೇಳಿದಂಥವು. ಒಳಗೆ ಯಾವ ಚಿಪ್ ಇದೆ, ವಿರೂಪದ ಪ್ರಮಾಣ ಎಷ್ಟನೆಯ ದಶಾಂಶದಲ್ಲಿದೆ ಎಂಬ ಚರ್ಚೆಯ ನಡುವೆ, ಆರು ವಾರ ಯಾರೂ ಮುಟ್ಟದ ಯಂತ್ರವು ಗುಂಡಿ ಒತ್ತಿದ ಕೂಡಲೇ ಟ್ರೇ ತೆರೆದು, ಡಿಸ್ಕನ್ನು ಗುರುತಿಸಿ, ಕೊನೆಯ ಹಾಡಿನವರೆಗೂ ತಡವರಿಸದೆ ನುಡಿಸುತ್ತದೆಯೇ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅಪರೂಪಕ್ಕೆ ಕೇಳುವವರ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಅದನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಹೆಜ್ಜೆಗಳನ್ನು ಆ ನೆಲೆಯಿಂದಲೇ ಜೋಡಿಸಿದ್ದೇನೆ.

ಆರಂಭಕ್ಕೆ ಮುನ್ನ: ಪ್ಲೇಯರ್ ಮಾಡುವ ಎರಡು ಕೆಲಸಗಳು

ಸಿ.ಡಿ.ಯ ಮಾನದಂಡವನ್ನು ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು 1980ರಲ್ಲಿ ರೂಪಿಸಿದವು. 1982ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಸೋನಿಯ ಸಿಡಿಪಿ-101 ಮಾರಾಟಕ್ಕೆ ಬಂತು. ಅಂದಿನಿಂದ ಇಂದಿನವರೆಗೆ ಡಿಸ್ಕಿನ ಮೇಲಿರುವ ಮಾಹಿತಿಯ ಸ್ವರೂಪ ಬದಲಾಗಿಲ್ಲ. ಪ್ರತಿ ಸೆಕೆಂಡಿಗೆ ಧ್ವನಿಯ 44,100 ಮಾದರಿಗಳು (ಎಂದರೆ ಅಳತೆಗಳು), ಪ್ರತಿ ಮಾದರಿಗೆ 16 ಬಿಟ್‌ಗಳು (ಸೊನ್ನೆ ಅಥವಾ ಒಂದು ಎಂಬ ಅಂಕಿಗಳು), ಎಡ ಮತ್ತು ಬಲ ಎಂಬ ಎರಡು ಚಾನೆಲ್‌ಗಳು. ಒಟ್ಟು ಸೆಕೆಂಡಿಗೆ 14,11,200 ಬಿಟ್. ಮನುಷ್ಯನ ಕಿವಿಗೆ ಕೇಳುವ ಮೇಲಿನ ಮಿತಿಯೆಂದು ಸಾಮಾನ್ಯವಾಗಿ ಹೇಳುವ 20 ಕಿಲೋಹರ್ಟ್ಸ್‌ವರೆಗಿನ ಧ್ವನಿಯನ್ನೂ, ಅತಿ ಮೆಲ್ಲನೆಯದಕ್ಕೂ ಅತಿ ಜೋರಾದದ್ದಕ್ಕೂ ನಡುವೆ ಸುಮಾರು 96 ಡೆಸಿಬೆಲ್ ಅಂತರವನ್ನೂ ಹಿಡಿದಿಡಲು ಇದು ಸಾಕು.

ಪ್ಲೇಯರಿನ ಮೊದಲ ಕೆಲಸ ಈ ಬಿಟ್‌ಗಳನ್ನು ಓದುವುದು. 12 ಸೆಂಟಿಮೀಟರ್ ಅಗಲದ ಡಿಸ್ಕಿನಲ್ಲಿ ಸುರುಳಿಯಾಕಾರದ ಒಂದೇ ಒಂದು ಜಾಡು ಒಳಗಿನಿಂದ ಹೊರಗೆ ಸಾಗುತ್ತದೆ. ಜಾಡಿನ ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವಿನ ಅಂತರ 1.6 ಮೈಕ್ರೋಮೀಟರ್ ಮಾತ್ರ. 780 ನ್ಯಾನೋಮೀಟರ್ ತರಂಗಾಂತರದ ಲೇಸರ್ ಕಿರಣವನ್ನು ಒಂದು ಪುಟ್ಟ ಲೆನ್ಸ್ ಆ ಜಾಡಿನ ಮೇಲೆ ನಿಲ್ಲಿಸಬೇಕು, ಡಿಸ್ಕ್ ತುಸು ಓಲಾಡಿದರೂ ಬಿಡದೆ ಹಿಂಬಾಲಿಸಬೇಕು. ಜಾಡಿನ ವೇಗ ಒಂದೇ ಸಮನಾಗಿರಬೇಕಾದ್ದರಿಂದ ಡಿಸ್ಕ್ ಒಳಭಾಗದಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು ತಿರುಗಿದರೆ, ಹೊರ ಅಂಚಿಗೆ ಬರುವಷ್ಟರಲ್ಲಿ 200ರ ಆಸುಪಾಸಿಗೆ ಇಳಿದಿರುತ್ತದೆ. ಗೀರು, ಧೂಳುಗಳಿಂದ ಕಳೆದುಹೋದ ಬಿಟ್‌ಗಳನ್ನು ಲೆಕ್ಕ ಹಾಕಿ ಮರಳಿ ಪಡೆಯುವ ವ್ಯವಸ್ಥೆಯೂ ಇದೆ. ಜಾಡಿನುದ್ದಕ್ಕೆ ಸುಮಾರು 2.5 ಮಿಲಿಮೀಟರ್‌ವರೆಗಿನ ಹಾನಿಯನ್ನು ಅದು ಪೂರ್ತಿಯಾಗಿ ಸರಿಪಡಿಸಬಲ್ಲದು. ಅದಕ್ಕೂ ಮೀರಿದಾಗ ಪ್ಲೇಯರ್ ಅಕ್ಕಪಕ್ಕದ ಮಾದರಿಗಳನ್ನು ನೋಡಿ ಊಹಿಸುತ್ತದೆ, ಅದೂ ಸಾಧ್ಯವಾಗದಿದ್ದಾಗ ಕ್ಷಣಕಾಲ ಮೌನವಾಗುತ್ತದೆ ಅಥವಾ ಒಂದು ಸಾಲು ಹಾರಿ ಮುಂದೆ ಹೋಗುತ್ತದೆ.

ಎರಡನೆಯ ಕೆಲಸ, ಓದಿದ ಅಂಕಿಗಳನ್ನು ಅನಲಾಗ್, ಅಂದರೆ ಧ್ವನಿಯಂತೆಯೇ ಏರಿಳಿಯುವ, ವಿದ್ಯುತ್ ಸಂಕೇತವಾಗಿ ಪರಿವರ್ತಿಸುವುದು. ಇದನ್ನು ಮಾಡುವ ಭಾಗವನ್ನು ಡ್ಯಾಕ್ ಎನ್ನುತ್ತಾರೆ. ಜಾಹೀರಾತುಗಳು ಹೆಚ್ಚು ಮಾತಾಡುವುದು ಇದರ ಬಗ್ಗೆಯೇ. ಆದರೆ ಸಾಧಾರಣ ಬೆಲೆಯ ಪ್ಲೇಯರುಗಳಲ್ಲಿರುವ ಡ್ಯಾಕ್‌ಗಳೂ ಬಹಳ ಹಿಂದೆಯೇ 16 ಬಿಟ್ ಧ್ವನಿಗೆ ಬೇಕಾದ ನಿಖರತೆಯನ್ನು ಮುಟ್ಟಿವೆ. ಆರೋಗ್ಯವಾಗಿರುವ ಎರಡು ಪ್ಲೇಯರುಗಳ ನಡುವೆ ಕಿವಿಗೆ ತಿಳಿಯುವ ವ್ಯತ್ಯಾಸ ಇದ್ದರೂ ಅದು ತೀರ ಸಣ್ಣದು. ಸ್ಪೀಕರನ್ನು ಗೋಡೆಯಿಂದ ಒಂದು ಅಡಿ ಮುಂದಕ್ಕೆ ಎಳೆದರೆ ಆಗುವ ಬದಲಾವಣೆ ಅದಕ್ಕಿಂತ ಎಷ್ಟೋ ದೊಡ್ಡದು. ಹೀಗೆ ಎರಡನೆಯ ಕೆಲಸದಲ್ಲಿ ಅಗ್ಗದ ಯಂತ್ರಕ್ಕೂ ದುಬಾರಿ ಯಂತ್ರಕ್ಕೂ ಅಂತರ ಕುಗ್ಗಿದೆ. ಮೊದಲ ಕೆಲಸದಲ್ಲಿ ಮಾತ್ರ ಮೋಟಾರು, ಬೆಲ್ಟು, ಗ್ರೀಸು, ಲೆನ್ಸುಗಳ ಹಳೆಯ ಕಷ್ಟಗಳೆಲ್ಲ ಹಾಗೆಯೇ ಉಳಿದಿವೆ. ಹಣವನ್ನೂ ಗಮನವನ್ನೂ ಅಲ್ಲಿಗೆ ಹರಿಸಬೇಕು.

ಮೊದಲ ಹೆಜ್ಜೆ: ನಿಮ್ಮಲ್ಲಿರುವ ಡಿಸ್ಕ್‌ಗಳನ್ನು ನೋಡಿ

ಅಂಗಡಿಗೆ ಹೋಗುವ ಮುನ್ನ ಕಪಾಟಿನ ಮುಂದೆ ನಿಂತು, ನಿಜವಾಗಿಯೂ ಕೇಳಲಿರುವ ಡಿಸ್ಕ್‌ಗಳನ್ನು ಹೊರತೆಗೆದು ಅವುಗಳ ಪೆಟ್ಟಿಗೆಯ ಬೆನ್ನಿನ ಮೇಲಿನ ಗುರುತುಗಳನ್ನು ಓದಬೇಕು. ಬಹುತೇಕರಲ್ಲಿ ಇರುವುದು ಸಾಮಾನ್ಯ ಸಿ.ಡಿ.ಗಳೇ. ಹಾಗಿದ್ದರೆ ಈ ಹೆಜ್ಜೆ ಅಲ್ಲಿಗೇ ಮುಗಿಯಿತು.

ಕೆಲವರಲ್ಲಿ ಸೂಪರ್ ಆಡಿಯೋ ಸಿ.ಡಿ. ಇರಬಹುದು. 1999ರಲ್ಲಿ ಬಂದ ಈ ಬಗೆಯ ಡಿಸ್ಕ್‌ಗಳಲ್ಲಿ ಧ್ವನಿಯನ್ನು ಸೆಕೆಂಡಿಗೆ 28,22,400 ಬಾರಿ ಅಳೆದ ಒಂದೊಂದು ಬಿಟ್ಟಿನ ಪ್ರವಾಹವಾಗಿ ದಾಖಲಿಸಲಾಗುತ್ತದೆ. ಅವುಗಳಲ್ಲಿ ‘ಹೈಬ್ರಿಡ್’ ಎಂದು ಬರೆದಿರುವಂಥವುಗಳಲ್ಲಿ ಮಾಮೂಲಿ ಸಿ.ಡಿ.ಯ ಪದರವೂ ಇರುವುದರಿಂದ ಯಾವ ಸಿ.ಡಿ. ಪ್ಲೇಯರಿನಲ್ಲಾದರೂ ನುಡಿಯುತ್ತವೆ. ಹೈಬ್ರಿಡ್ ಅಲ್ಲದವುಗಳಿಗೆ ಆ ಪದರವನ್ನು ಓದುವ ಪ್ಲೇಯರೇ ಬೇಕು. ಡಿ.ವಿ.ಡಿ.-ಆಡಿಯೋ ಮತ್ತು ಬ್ಲೂ-ರೇ ಆಡಿಯೋ ಡಿಸ್ಕ್‌ಗಳಿಗೂ ಅವುಗಳದೇ ಯಂತ್ರ ಬೇಕು. ನನ್ನ ಸಲಹೆ ಇಷ್ಟೇ: ಇರುವುದು ನಾಲ್ಕಾರು ಹೈಬ್ರಿಡ್ ಡಿಸ್ಕ್‌ಗಳು ಮಾತ್ರವಾದರೆ ಅವುಗಳಿಗಾಗಿ ವಿಶೇಷ ಪ್ಲೇಯರ್ ಹುಡುಕಬೇಡಿ. ಎರಡು ಪದರಗಳ ನಡುವೆ ಕೇಳಿಬರುವ ವ್ಯತ್ಯಾಸಕ್ಕೆ ಎಷ್ಟೋ ಸಲ ಕಾರಣವಾಗುವುದು ಆ ಪದರಗಳಿಗಾಗಿ ಧ್ವನಿಯನ್ನು ಬೇರೆಬೇರೆ ರೀತಿಯಲ್ಲಿ ಹದಗೊಳಿಸಿರುವುದೇ ಹೊರತು ಬಿಟ್‌ಗಳ ಲೆಕ್ಕವಲ್ಲ. ಬಹುಚಾನೆಲ್ ಸಂಗೀತವನ್ನು ಐದಾರು ಸ್ಪೀಕರುಗಳಲ್ಲಿ ಕೇಳುವ ಏರ್ಪಾಡು ಮನೆಯಲ್ಲಿ ಈಗಾಗಲೇ ಇದ್ದರೆ ಮಾತು ಬೇರೆ.

ಮನೆಯಲ್ಲೇ ಬರೆದುಕೊಂಡ ಸಿ.ಡಿ.-ಆರ್‌ಗಳು ಇದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ಅವು ಬೆಳಕನ್ನು ಪ್ರತಿಫಲಿಸುವ ಪ್ರಮಾಣ ಕಾರ್ಖಾನೆಯಲ್ಲಿ ತಯಾರಾದ ಅಚ್ಚಿನ ಸಿ.ಡಿ.ಗಿಂತ ಸ್ವಲ್ಪ ಕಡಿಮೆ. ಅಳಿಸಿ ಬರೆಯಬಹುದಾದ ಸಿ.ಡಿ.-ಆರ್‌ಡಬ್ಲ್ಯೂಗಳಲ್ಲಿ ತೀರಾ ಕಡಿಮೆ. ಹಳೆಯ ಪ್ಲೇಯರುಗಳಲ್ಲಿ ಎರಡನೆಯವು ಓದಿಸಿಕೊಳ್ಳದಿರುವುದೇ ಹೆಚ್ಚು. ಎಂ.ಪಿ.3 ಕಡತಗಳನ್ನು ತುಂಬಿದ ಡಿಸ್ಕ್‌ಗಳಿದ್ದರೆ ಪ್ಲೇಯರ್ ಅವುಗಳನ್ನು ಗುರುತಿಸುವುದೇ ಎಂಬುದನ್ನು ಕೈಪಿಡಿಯಲ್ಲಿ ನೋಡಬೇಕು.

ನೇರ ಕಛೇರಿಯ ಮುದ್ರಿಕೆಗಳು, ನಿಲ್ಲದೆ ಸಾಗುವ ದೀರ್ಘ ಕೃತಿಗಳು ನಿಮಗೆ ಪ್ರಿಯವಾಗಿದ್ದರೆ ಇನ್ನೊಂದು ಅಂಶ ಮುಖ್ಯವಾಗುತ್ತದೆ. ಸಂಗೀತಕ್ಕಾಗಿಯೇ ಮಾಡಿದ ಸಿ.ಡಿ. ಪ್ಲೇಯರ್ ಒಂದು ಭಾಗದಿಂದ ಮುಂದಿನದಕ್ಕೆ ಎಡೆಬಿಡದೆ ದಾಟುತ್ತದೆ. ಕೆಲವು ಡಿ.ವಿ.ಡಿ. ಮತ್ತು ಬ್ಲೂ-ರೇ ಪ್ಲೇಯರುಗಳು ಆ ಗಡಿಯಲ್ಲಿ ಅರೆಕ್ಷಣ ಧ್ವನಿಯನ್ನು ತಡೆಹಿಡಿಯುತ್ತವೆ. ಆಲಾಪನೆಯೊಂದು ಮುಂದಿನ ಭಾಗಕ್ಕೆ ಜಾರುವ ಜಾಗದಲ್ಲಿ ಸಣ್ಣ ಬಿರುಕು ಬಿಟ್ಟರೂ ಅಲ್ಲಿಯವರೆಗೆ ಕೇಳಿದ್ದರ ಗುಂಗು ಕೆಡುತ್ತದೆ. ನನ್ನ ದೃಷ್ಟಿಯಲ್ಲಿ ಇದು ಯಾವ ಅಂಕಿ-ಅಂಶಕ್ಕಿಂತಲೂ ದೊಡ್ಡ ದೋಷ.

ಎರಡನೆಯ ಹೆಜ್ಜೆ: ಪ್ಲೇಯರಿನ ಆಚೆ ತುದಿಯಲ್ಲಿ ಏನಿದೆ?

ಪ್ಲೇಯರಿನ ಹಿಂಬದಿಯ ಯಾವ ಕಿಂಡಿ ನಿಮಗೆ ಬೇಕು ಎಂಬುದು ಅದನ್ನು ಯಾವುದಕ್ಕೆ ಜೋಡಿಸುತ್ತೀರಿ ಎಂಬುದನ್ನು ಅವಲಂಬಿಸಿದೆ. ಎರಡು ಚಾನೆಲ್‌ಗಳ ಸಾಮಾನ್ಯ ಆಂಪ್ಲಿಫೈಯರ್ ಅಥವಾ ಒಳಗೇ ಆಂಪ್ಲಿಫೈಯರ್ ಇರುವ ಸ್ಪೀಕರುಗಳಾದರೆ ಕೆಂಪು-ಬಿಳಿ ಬಣ್ಣದ ಅನಲಾಗ್ ಆರ್‌ಸಿಎ ಔಟ್‌ಪುಟ್ ಇರಲೇಬೇಕು. ಹಲವು ಸ್ಪೀಕರುಗಳನ್ನು ನುಡಿಸುವ ಹೋಮ್ ಥಿಯೇಟರ್ ರಿಸೀವರ್ ಆದರೆ ಕೊಆಕ್ಸಿಯಲ್, ಆಪ್ಟಿಕಲ್ ಅಥವಾ ಎಚ್‌ಡಿಎಂಐ ಎಂಬ ಡಿಜಿಟಲ್ ಕಿಂಡಿಗಳಲ್ಲೊಂದು ಸಾಕು. ಇಂಥ ರಿಸೀವರುಗಳಲ್ಲಿ ಅನೇಕವು ಅನಲಾಗ್ ಸಂಕೇತವನ್ನು ಒಳಗೆ ತೆಗೆದುಕೊಂಡು ಮತ್ತೆ ಡಿಜಿಟಲ್ ಮಾಡುವುದರಿಂದ, ಪ್ಲೇಯರಿನ ಡ್ಯಾಕ್‌ಗೆ ಹೆಚ್ಚು ಹಣ ಸುರಿದರೆ ಅದು ಅಲ್ಲಿ ವ್ಯರ್ಥವಾಗುತ್ತದೆ. ಹೆಡ್‌ಫೋನಿನಲ್ಲಿ ಮಾತ್ರ ಕೇಳುವವರು ಮುಂಬದಿಯಲ್ಲಿ ಹೆಡ್‌ಫೋನ್ ಕಿಂಡಿಯೂ ಅದಕ್ಕೊಂದು ವಾಲ್ಯೂಮ್ ಗುಂಡಿಯೂ ಇರುವ ಪ್ಲೇಯರನ್ನು ಆರಿಸಿಕೊಂಡರೆ ಬೇರೆ ಆಂಪ್ಲಿಫೈಯರಿನ ಅಗತ್ಯವೇ ಬರುವುದಿಲ್ಲ.

ಸೂಪರ್ ಆಡಿಯೋ ಸಿ.ಡಿ. ಕೇಳಬೇಕೆನ್ನುವವರು ಒಂದು ನಿರ್ಬಂಧವನ್ನು ನೆನಪಿಡಬೇಕು. ನಕಲು ತಡೆಯುವ ಉದ್ದೇಶದಿಂದ ಆ ಪದರದ ಮಾಹಿತಿಯನ್ನು ಕೊಆಕ್ಸಿಯಲ್ ಅಥವಾ ಆಪ್ಟಿಕಲ್ ಕಿಂಡಿಗಳಲ್ಲಿ ಹೊರಬಿಡುವುದಿಲ್ಲ. ಅನಲಾಗ್ ಔಟ್‌ಪುಟ್ ಇರಬೇಕು, ಇಲ್ಲವೇ ಎಚ್‌ಡಿಎಂಐ ಮೂಲಕ ಅದನ್ನು ಸ್ವೀಕರಿಸಬಲ್ಲ ರಿಸೀವರ್ ಇರಬೇಕು. ಉದಾಹರಣೆಗೆ ಸೋನಿಯ ಯುಬಿಪಿ-ಎಕ್ಸ್800ಎಂ2 ಎಂಬ ಬ್ಲೂ-ರೇ ಪ್ಲೇಯರ್ ಸೂಪರ್ ಆಡಿಯೋ ಸಿ.ಡಿ. ಮತ್ತು ಡಿ.ವಿ.ಡಿ.-ಆಡಿಯೋ ಎರಡನ್ನೂ ಓದುತ್ತದೆ, ಆದರೆ ಅದಕ್ಕೆ ಅನಲಾಗ್ ಔಟ್‌ಪುಟ್ ಇಲ್ಲ. ಹಳೆಯ ಆಂಪ್ಲಿಫೈಯರ್ ಇಟ್ಟುಕೊಂಡವರು ಅದನ್ನು ತಂದರೆ ನೇರವಾಗಿ ಜೋಡಿಸಲು ದಾರಿಯೇ ಇರುವುದಿಲ್ಲ.

ಮೂರನೆಯ ಹೆಜ್ಜೆ: ಯಾವ ಬಗೆಯ ಯಂತ್ರ?

ಹೊಸ ಸಿ.ಡಿ. ಪ್ಲೇಯರ್ ಕೊಳ್ಳುವಷ್ಟು ಅನುಕೂಲವಿದ್ದರೆ ಅದೇ ನೆಮ್ಮದಿಯ ದಾರಿ. ಯಮಹಾ ಸಿಡಿ-ಎಸ್303, ಡೆನಾನ್ ಡಿಸಿಡಿ-600ಎನ್‌ಇ, ಮರಾಂಟ್ಸ್ ಸಿಡಿ6007, ನ್ಯಾಡ್ ಸಿ538, ಕೇಂಬ್ರಿಡ್ಜ್ ಆಡಿಯೋದ ಎಎಕ್ಸ್‌ಸಿ35 ಇವೆಲ್ಲ ಈ ಮಟ್ಟದಲ್ಲಿ ಹೆಸರು ಪಡೆದಂಥವು. ಇವುಗಳ ನಡುವೆ ಆರಿಸುವಾಗ ಧ್ವನಿಯ ಸೂಕ್ಷ್ಮ ವಿಮರ್ಶೆಗಳಿಗೆ ತಲೆಕೆಡಿಸಿಕೊಳ್ಳದೆ, ಬೇಕಾದ ಔಟ್‌ಪುಟ್ ಇದೆಯೇ, ವಾರಂಟಿ ಎಷ್ಟು, ದುರಸ್ತಿ ಕೇಂದ್ರ ಕೈಗೆಟುಕುವಲ್ಲಿ ಇದೆಯೇ ಎಂಬುದನ್ನಷ್ಟೇ ನೋಡಿದರೆ ಸಾಕು.

ಮಿತವ್ಯಯಕ್ಕೆ ಸೆಕೆಂಡ್ ಹ್ಯಾಂಡ್ ಸಿ.ಡಿ. ಪ್ಲೇಯರ್ ಅತ್ಯುತ್ತಮ ಆಯ್ಕೆಯಾಗಬಲ್ಲದು. ಸಿ.ಡಿ.ಗಳ ಏರುಗಾಲದಲ್ಲಿ ತಯಾರಾದ ಅನೇಕ ಯಂತ್ರಗಳ ಒಳಚೌಕಟ್ಟು, ವಿದ್ಯುತ್ ಪೂರೈಕೆಯ ಭಾಗ, ಟ್ರೇಯ ರಚನೆ ಎಲ್ಲವೂ ಇಂದಿನ ಅಗ್ಗದ ಯಂತ್ರಗಳಿಗಿಂತ ಗಟ್ಟಿಮುಟ್ಟು. ತೊಂದರೆ ಬರುವುದು ಲೇಸರ್ ಜೋಡಣೆಯಿಂದ, ಅಂದರೆ ಲೇಸರ್ ಮತ್ತು ಲೆನ್ಸ್ ಕೂಡಿದ ಬಿಡಿಭಾಗದಿಂದ. ಅದು ಸವೆಯುವ ವಸ್ತು. ಆದ್ದರಿಂದ ಕೊಳ್ಳುವ ಮುನ್ನ ಆ ಮಾದರಿಯಲ್ಲಿ ಯಾವ ಲೇಸರ್ ಜೋಡಣೆ ಇದೆ, ಅದು ಬಿಡಿಯಾಗಿ ಈಗಲೂ ಸಿಗುತ್ತದೆಯೇ ಎಂದು ವಿಚಾರಿಸಬೇಕು. ಸೋನಿಯ ಕೆಎಸ್‌ಎಸ್-213 ಸರಣಿಯಂಥವು ಹಲವಾರು ಕಂಪನಿಗಳ ಪ್ಲೇಯರುಗಳಲ್ಲಿ ಬಳಕೆಯಾದ್ದರಿಂದ ಅವುಗಳ ಬದಲಿ ಭಾಗ ಹುಡುಕುವುದು ಸುಲಭ. ಅಪರೂಪದ, ಒಂದೇ ಕಂಪನಿ ತನಗಾಗಿ ಮಾಡಿಕೊಂಡ ಜೋಡಣೆ ಇರುವ ಯಂತ್ರವು ಎಷ್ಟೇ ಪ್ರಸಿದ್ಧವಾಗಿದ್ದರೂ ಲೇಸರ್ ಹೋದ ದಿನ ಅಲಂಕಾರದ ಪೆಟ್ಟಿಗೆಯಾಗುತ್ತದೆ. ಐದಾರು ಡಿಸ್ಕ್‌ಗಳನ್ನು ಒಟ್ಟಿಗೆ ಇಡುವ ಚೇಂಜರುಗಳಲ್ಲಿ ಚಲಿಸುವ ಭಾಗಗಳು ಬಹಳ. ಅಪರೂಪದ ಬಳಕೆಗೆ ಅವು ಬೇಡ. ಮುಚ್ಚಳವನ್ನು ಕೈಯಿಂದಲೇ ಎತ್ತಿ ಡಿಸ್ಕ್ ಇಡುವ ಬಗೆಯವುಗಳಲ್ಲಿ ಕೆಡುವ ಟ್ರೇಯೇ ಇಲ್ಲದಿರುವುದು ದೊಡ್ಡ ಅನುಕೂಲ.

ಡಿ.ವಿ.ಡಿ. ಅಥವಾ ಬ್ಲೂ-ರೇ ಪ್ಲೇಯರ್ ಮನೆಯಲ್ಲೇ ಇದ್ದರೆ ಮೊದಲು ಅದನ್ನೇ ಪರೀಕ್ಷಿಸಿ ನೋಡುವುದು ವಿವೇಕ. ಅದರ ಡಿಜಿಟಲ್ ಔಟ್‌ಪುಟ್‌ನಿಂದ ಹೊರಗಿನ ಡ್ಯಾಕ್‌ಗೋ ರಿಸೀವರಿಗೋ ಸಂಕೇತ ಕೊಟ್ಟರೆ, ಅಲ್ಲಿಂದ ಮುಂದಿನ ಗುಣಮಟ್ಟ ಪ್ಲೇಯರಿನ ಕೈಯಲ್ಲಿ ಇರುವುದಿಲ್ಲ. ಆದರೆ ಮೂರು ಅಂಶಗಳನ್ನು ಪರಿಶೀಲಿಸಬೇಕು. ಭಾಗದಿಂದ ಭಾಗಕ್ಕೆ ದಾಟುವಲ್ಲಿ ಬಿರುಕು ಬರುತ್ತದೆಯೇ, ಟಿ.ವಿ. ಹಚ್ಚದೆಯೇ ಮುಂಬದಿಯ ಗುಂಡಿಗಳಿಂದ ಅಥವಾ ರಿಮೋಟಿನಿಂದ ಹಾಡು ಆರಿಸಿಕೊಳ್ಳಲು ಸಾಧ್ಯವೇ. ಡಿಸ್ಕ್ ತಿರುಗುವ ಸದ್ದಾಗಲಿ ಫ್ಯಾನಿನ ಸದ್ದಾಗಲಿ ಮೆಲುದನಿಯ ಭಾಗಗಳಲ್ಲಿ ಕೇಳಿಸುತ್ತದೆಯೇ. ಕೆಲವು ಅಗ್ಗದ ಡಿ.ವಿ.ಡಿ. ಪ್ಲೇಯರುಗಳು 44.1 ಕಿಲೋಹರ್ಟ್ಸ್ ಧ್ವನಿಯನ್ನು ಡಿ.ವಿ.ಡಿ.ಗೆ ಒಗ್ಗುವ 48ಕ್ಕೆ ಬದಲಿಸಿ ಕಳಿಸುತ್ತವೆ. ರಿಸೀವರಿನ ಅಥವಾ ಡ್ಯಾಕ್‌ನ ಪರದೆಯಲ್ಲಿ ತೋರುವ ಸಂಖ್ಯೆಯಿಂದ ಇದನ್ನು ಪತ್ತೆ ಹಚ್ಚಬಹುದು. ಸಂಗೀತಪ್ರಿಯರ ಮೆಚ್ಚುಗೆ ಗಳಿಸಿದ್ದ ಒಪ್ಪೋ ಸಂಸ್ಥೆಯು ಪ್ಲೇಯರುಗಳ ತಯಾರಿಕೆಯಿಂದ 2018ರಲ್ಲಿ ಹಿಂದೆ ಸರಿದ ಬಳಿಕ ಅದರ ಹಳೆಯ ಯಂತ್ರಗಳಿಗೆ ಬೇಡಿಕೆ ಏರಿದೆ. ಬರೇ ಸಿ.ಡಿ. ಕೇಳುವವರು ಆ ಬೇಡಿಕೆಯ ಬೆಲೆ ತೆರಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಕೈಯಲ್ಲಿ ಹಿಡಿಯುವ ಸಣ್ಣ ಪ್ಲೇಯರ್ ಬಳಸುವುದಾದರೆ, ಅದರ ಲೈನ್ ಔಟ್ ಕಿಂಡಿ ಇದ್ದರೆ ಹೆಡ್‌ಫೋನ್ ಕಿಂಡಿಯ ಬದಲು ಅದನ್ನೇ ಆಂಪ್ಲಿಫೈಯರಿಗೆ ಜೋಡಿಸಿ. ಅಲುಗಾಟವನ್ನು ತಡೆಯುವ ಸೌಲಭ್ಯವನ್ನು ಮೇಜಿನ ಮೇಲಿಟ್ಟು ಕೇಳುವಾಗ ಆಫ್ ಮಾಡಿಡಿ. ಕೆಲವು ಮಾದರಿಗಳಲ್ಲಿ ಆ ಸೌಲಭ್ಯವು ಸ್ಮರಣೆಯಲ್ಲಿ ಜಾಗ ಉಳಿಸಲು ಧ್ವನಿಯ ಮಾಹಿತಿಯನ್ನು ಕುಗ್ಗಿಸುತ್ತದೆ.

ಕಂಪ್ಯೂಟರಿನ ಡ್ರೈವ್ ಬಳಸಿ ಸಿ.ಡಿ.ಗಳನ್ನು ಫ್ಲ್ಯಾಕ್ ಎಂಬ, ಧ್ವನಿಯ ಮಾಹಿತಿ ಏನೂ ಕಳೆಯದ ಕಡತಗಳಾಗಿ ಇಳಿಸಿಕೊಂಡು ಕೇಳುವುದು ಅಗ್ಗದ, ಅತ್ಯಂತ ನಿಖರವಾದ ಮಾರ್ಗ. ಡಿಸ್ಕ್ ಎತ್ತಿ ಇಟ್ಟು ಕೇಳುವ ಕ್ರಮವೇ ಬೇಕೆನ್ನುವವರಿಗೆ ಅದು ಒಗ್ಗುವುದಿಲ್ಲ. ಆದರೂ ಮತ್ತೆ ಸಿಗದ ಡಿಸ್ಕ್‌ಗಳಿಗೆ ಇಂಥದೊಂದು ಪ್ರತಿ ಇರಬೇಕೆಂದು ನಾನು ಒತ್ತಿ ಹೇಳುತ್ತೇನೆ.

ನಾಲ್ಕನೆಯ ಹೆಜ್ಜೆ: ವಿವರಪಟ್ಟಿಯಲ್ಲಿ ಯಾವುದನ್ನು ಓದಬೇಕು?

ಅನಲಾಗ್ ಔಟ್‌ಪುಟ್ ಸುಮಾರು 2 ವೋಲ್ಟ್ ಇದೆಯೇ, ಡಿಜಿಟಲ್ ಕಿಂಡಿ ಇದೆಯೇ, ವಿದ್ಯುತ್ ವೋಲ್ಟೇಜು ನಿಮ್ಮಲ್ಲಿನದಕ್ಕೆ ಹೊಂದುತ್ತದೆಯೇ ಎಂಬುದನ್ನು ನೋಡಬೇಕು. ಜಪಾನಿನ ಒಳಮಾರುಕಟ್ಟೆಗಾಗಿ ಮಾಡಿದ ಹಳೆಯ ಯಂತ್ರಗಳು 100 ವೋಲ್ಟಿನವು. ಅವನ್ನು ನೇರವಾಗಿ 230 ವೋಲ್ಟಿಗೆ ಜೋಡಿಸಿದರೆ ಸುಟ್ಟುಹೋಗುತ್ತವೆ. ಸಂಕೇತ-ಗದ್ದಲ ಅನುಪಾತ (ಸಂಗೀತವು ಯಂತ್ರದ ಹಿನ್ನೆಲೆ ಸದ್ದಿಗಿಂತ ಎಷ್ಟು ಜೋರು ಎಂಬ ಲೆಕ್ಕ) 100 ಡೆಸಿಬೆಲ್ ದಾಟಿದ ಮೇಲೆ ಇನ್ನೂ ಹೆಚ್ಚಿನ ಸಂಖ್ಯೆಗಾಗಿ ಹಣ ಕೊಡುವುದು ಬೇಡ. ಸಿ.ಡಿ.ಯಲ್ಲೇ 16 ಬಿಟ್ ಇರುವಾಗ ‘24 ಬಿಟ್’, ‘32 ಬಿಟ್’ ಎಂಬ ಫಲಕಗಳು ಡಿಸ್ಕಿನಲ್ಲಿ ಇಲ್ಲದ್ದನ್ನು ತಂದು ಕೊಡಲಾರವು.

ಐದನೆಯ ಹೆಜ್ಜೆ: ಸೆಕೆಂಡ್ ಹ್ಯಾಂಡ್ ಯಂತ್ರವನ್ನು ಪರೀಕ್ಷಿಸುವುದು

ಈ ಹೆಜ್ಜೆಗೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಮಾರುವವರು ಅಷ್ಟು ಹೊತ್ತು ಕೊಡಲು ಒಪ್ಪದಿದ್ದರೆ ಆ ಯಂತ್ರವನ್ನು ಬಿಟ್ಟುಬಿಡುವುದೇ ಲೇಸು. ಜೊತೆಯಲ್ಲಿ ಮೂರು ಡಿಸ್ಕ್‌ಗಳಿರಲಿ: 70 ನಿಮಿಷ ದಾಟುವ, ನಿಮಗೆ ಚೆನ್ನಾಗಿ ಪರಿಚಯವಿರುವ ಅಚ್ಚಿನ ಸಿ.ಡಿ. ಒಂದು, ಮನೆಯಲ್ಲಿ ಬರೆದ ಸಿ.ಡಿ.-ಆರ್ ಒಂದು, ಸಣ್ಣಪುಟ್ಟ ಗೀರುಗಳಿರುವುದೊಂದು. ಹೆಡ್‌ಫೋನನ್ನೂ ಒಯ್ಯಿರಿ.

ಯಂತ್ರ ತಣ್ಣಗಿರುವಾಗಲೇ ಪರೀಕ್ಷೆ ಶುರುವಾಗಬೇಕು; ನೀವು ಬರುವ ಮೊದಲೇ ಅದನ್ನು ಹಚ್ಚಿಟ್ಟಿದ್ದರೆ ಕಾರಣ ಕೇಳಿ. ಮೊದಲ ಸಲ ಟ್ರೇ ತೆರೆಯುವ ಗಳಿಗೆಯನ್ನು ಗಮನವಿಟ್ಟು ನೋಡಬೇಕು, ಏಕೆಂದರೆ ಬಹುಕಾಲ ಸುಮ್ಮನೆ ಕೂತ ಪ್ಲೇಯರಿನ ರಬ್ಬರ್ ಬೆಲ್ಟು ರಾಟೆಯ ಸುತ್ತ ಬಾಗಿದ ಆಕಾರದಲ್ಲೇ ಬಿಗಿದುಕೊಂಡು ಜಾರತೊಡಗಿರುತ್ತದೆ. ಮೋಟಾರಿನ ಗುಂಯ್‌ಗುಡುವಿಕೆ ಕೇಳಿಸುತ್ತಿದ್ದು ಟ್ರೇ ಮಾತ್ರ ಅಲುಗದಿದ್ದರೆ, ಅಥವಾ ಅರ್ಧ ಬಂದು ನಿಂತು ಬೆರಳ ತಾಗಿಸಿದ ಮೇಲೆ ಹೊರಬಂದರೆ ಬೆಲ್ಟಿನ ಆಯುಸ್ಸು ಮುಗಿದಿದೆ ಎಂದರ್ಥ. ಇದು ಅಗ್ಗದ ದುರಸ್ತಿ. ಇದಕ್ಕಾಗಿ ಯಂತ್ರವನ್ನು ತಿರಸ್ಕರಿಸಬೇಕಿಲ್ಲ, ಬೆಲೆ ಇಳಿಸಿಕೊಂಡರೆ ಸಾಕು.

ಅಚ್ಚಿನ ಸಿ.ಡಿ.ಯನ್ನು ಹಾಕಿ, ಒಟ್ಟು ಹಾಡುಗಳ ಸಂಖ್ಯೆಯೂ ಸಮಯವೂ ಪರದೆಯ ಮೇಲೆ ಮೂಡಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಕೆಲವೇ ಸೆಕೆಂಡುಗಳಲ್ಲಿ ಮೂಡಬೇಕು. ಪದೇ ಪದೇ ತಿರುಗಿ ನಿಂತು ಮತ್ತೆ ತಿರುಗುತ್ತಿದ್ದರೆ ಲೆನ್ಸ್ ಮಸುಕಾಗಿರಬಹುದು ಅಥವಾ ಲೇಸರ್ ಸೊರಗಿರಬಹುದು. ಮೊದಲ ಹಾಡನ್ನು ಸ್ವಲ್ಪ ಕೇಳಿ ನೇರವಾಗಿ ಕೊನೆಯ ಹಾಡಿಗೆ ಹಾರಿ. ಓದುವಿಕೆ ಒಳಗಿನಿಂದ ಹೊರಗೆ ಸಾಗುವುದರಿಂದ ಕೊನೆಯ ಹಾಡು ಇರುವುದು ಹೊರ ಅಂಚಿನಲ್ಲಿ. ಡಿಸ್ಕಿನ ಓಲಾಟ ಹೆಚ್ಚಾಗಿರುವುದೂ ಅಲ್ಲಿಯೇ, ಲೇಸರ್ ಜಾರುವ ಹಳಿಯ ಗ್ರೀಸು ಗಟ್ಟಿಯಾಗಿದ್ದರೆ ತೊಡಕು ಬಯಲಾಗುವುದೂ ಅಲ್ಲಿಯೇ. ಮೊದಲ ಎರಡು ಹಾಡು ನುಡಿಸಿ ‘ಎಲ್ಲ ಸರಿಯಾಗಿದೆ’ ಎನ್ನುವ ಮಾರಾಟಗಾರರ ಪರೀಕ್ಷೆ ಈ ಕಾರಣಕ್ಕೆ ಅರೆಬರೆಯಾದದ್ದು. ಕೊನೆಯ ಹಾಡಿನಿಂದ ಮೊದಲನೆಯದಕ್ಕೆ, ಅಲ್ಲಿಂದ ನಡುವಿನದಕ್ಕೆ ಹೀಗೆ ಹಲವು ಸಲ ಹಾರಿಸಿ, ಪ್ರತಿಸಲವೂ ಒಂದೆರಡು ಸೆಕೆಂಡಿನಲ್ಲಿ ಜಾಗ ಹಿಡಿಯುತ್ತದೆಯೇ ಎಂದು ನೋಡಿ.

ಆಮೇಲೆ ಸಿ.ಡಿ.-ಆರ್ ಹಾಕಿ. ಪ್ರತಿಫಲನ ಕಡಿಮೆ ಇರುವುದರಿಂದ, ಕುಗ್ಗುತ್ತಿರುವ ಲೇಸರ್ ಅಚ್ಚಿನ ಡಿಸ್ಕ್ ಓದುತ್ತಲೇ ಇದನ್ನು ಓದಲು ತಿಣುಕುತ್ತದೆ. ಅಂದರೆ ಲೇಸರಿನಲ್ಲಿ ಉಳಿದಿರುವ ಶಕ್ತಿಯನ್ನು ಅಳೆಯಲು ಉಪಕರಣವಿಲ್ಲದವರಿಗೆ ಇದೇ ಅಳತೆಗೋಲು. ತೀರಾ ಆರಂಭಕಾಲದ ಪ್ಲೇಯರ್ ಆಗಿದ್ದರೆ ಮಾತ್ರ ಈ ಫಲಿತಾಂಶವನ್ನು ಅಂತಿಮವೆಂದು ಎಣಿಸಬಾರದು. ಮೂರನೆಯದಾಗಿ ಗೀರುಬಿದ್ದ ಡಿಸ್ಕ್. ಅದು ಮನೆಯ ಇನ್ನೊಂದು ಯಂತ್ರದಲ್ಲಿ ನುಡಿಯುವುದೆಂದು ಮೊದಲೇ ಖಚಿತಪಡಿಸಿಕೊಂಡಿರಬೇಕು.

ಈ ನಡುವೆ ಹೆಡ್‌ಫೋನ್ ಧರಿಸಿ ಮೆಲುದನಿಯ ಭಾಗವೊಂದನ್ನು ಕೇಳಿ. ಎಡ-ಬಲಗಳೆರಡೂ ಸಮನಾಗಿರಬೇಕು, ಹಿನ್ನೆಲೆಯಲ್ಲಿ ಗುಂಯ್ ಎಂಬ ಸದ್ದು ಇರಬಾರದು. ವಾಲ್ಯೂಮ್ ಗುಂಡಿ ತಿರುಗಿಸುವಾಗ ಕರಕರ ಬಂದರೆ ಅದು ಸಾಮಾನ್ಯವಾಗಿ ಧೂಳು, ಭಯಪಡಬೇಕಾಗಿಲ್ಲ. ರಿಮೋಟಿನಲ್ಲಿ ಮಾತ್ರ ಇರುವ ಗುಂಡಿಗಳಿವೆಯೇ ನೋಡಿ, ಇದ್ದರೆ ರಿಮೋಟ್ ಇಲ್ಲದ ಯಂತ್ರ ಅಪೂರ್ಣ. ಕೊನೆಗೆ, ಒಂದು ಗಂಟೆ ಕಳೆದು ಯಂತ್ರ ಬೆಚ್ಚಗಾದ ಮೇಲೆ ಅಚ್ಚಿನ ಡಿಸ್ಕಿನ ಕೊನೆಯ ಹಾಡನ್ನು ಮತ್ತೊಮ್ಮೆ ನುಡಿಸಿ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ತಡವರಿಸುವ ಯಂತ್ರವನ್ನು ಯಾವ ಬೆಲೆಗೂ ಕೊಳ್ಳಬೇಡಿ.

ಆರನೆಯ ಹೆಜ್ಜೆ: ಜೋಡಣೆ ಮತ್ತು ಹೋಲಿಕೆ

ಆಂಪ್ಲಿಫೈಯರಿನಲ್ಲಿ ‘ಸಿಡಿ’, ‘ಆಕ್ಸ್’, ‘ಲೈನ್’ ಎಂದಿರುವ ಯಾವುದೇ ಇನ್‌ಪುಟ್ ಆದೀತು. ‘ಫೋನೋ’ ಎಂದಿರುವುದಕ್ಕೆ ಮಾತ್ರ ಜೋಡಿಸಬಾರದು. ಅದು ಗ್ರಾಮಫೋನ್ ಸೂಜಿಯ ಅತಿ ಕ್ಷೀಣ ಸಂಕೇತಕ್ಕಾಗಿ ಮಾಡಿದ್ದು, ಅಲ್ಲಿಗೆ 2 ವೋಲ್ಟಿನ ಸಂಕೇತ ಕೊಟ್ಟರೆ ಧ್ವನಿ ಒಡೆದು ಕರ್ಕಶವಾಗುತ್ತದೆ. ಬಿಗಿಯಾಗಿ ಕೂರುವ ಸಾಧಾರಣ ಕೇಬಲ್ ಸಾಕು. ಕೊಆಕ್ಸಿಯಲ್ ಜೋಡಣೆಗೆ 75 ಓಮ್‌ನ ಕೇಬಲ್ ಇರಲಿ. ವ್ಯವಸ್ಥೆಯಲ್ಲಿ ಗುಂಯ್‌ಗುಡುವಿಕೆ ಇದ್ದರೆ ಆಪ್ಟಿಕಲ್ ಕೇಬಲ್ ಪ್ರಯತ್ನಿಸಿ; ಬೆಳಕಿನ ಮೂಲಕ ಸಾಗುವುದರಿಂದ ಎರಡು ಯಂತ್ರಗಳ ನಡುವೆ ಆ ಹಾದಿಯಲ್ಲಿ ವಿದ್ಯುತ್ ಸಂಪರ್ಕವೇ ಇರುವುದಿಲ್ಲ.

ಡಿಜಿಟಲ್ ಜೋಡಣೆ ಮಾಡಿದವರಿಗೆ ಒಂದು ಸೂಚನೆ. 1980ರ ದಶಕದ ಕೆಲವು ಸಿ.ಡಿ.ಗಳಲ್ಲಿ ಮೇಲಿನ ಸ್ವರಗಳನ್ನು ಉದ್ದೇಶಪೂರ್ವಕವಾಗಿ ಎತ್ತಿ ದಾಖಲಿಸಿ, ನುಡಿಸುವಾಗ ಇಳಿಸಬೇಕೆಂಬ ಗುರುತನ್ನು ಸೇರಿಸಿರುತ್ತಾರೆ. ಹಳೆಯ ಸಿ.ಡಿ. ಪ್ಲೇಯರುಗಳು ಆ ಗುರುತನ್ನು ಓದಿ ತಾವೇ ಸರಿಪಡಿಸುತ್ತವೆ. ಹೊರಗಿನ ಡ್ಯಾಕ್‌ಗಳಲ್ಲಿ ಎಲ್ಲವೂ ಹಾಗೆ ಮಾಡುವುದಿಲ್ಲ. ಒಂದು ಹಳೆಯ ಡಿಸ್ಕ್ ಮಾತ್ರ ಅತಿಯಾಗಿ ಚುಚ್ಚುವಂತೆ ಕೇಳಿಸಿದರೆ ಪ್ಲೇಯರಿನ ಅನಲಾಗ್ ಔಟ್‌ಪುಟ್‌ನಿಂದ ಅದನ್ನು ಕೇಳಿ ನೋಡಿ.

ಎರಡು ಪ್ಲೇಯರುಗಳನ್ನು ಹೋಲಿಸುವಾಗ ಧ್ವನಿಯ ಮಟ್ಟವನ್ನು ಸಮ ಮಾಡಿಕೊಳ್ಳುವುದು ಕಡ್ಡಾಯ. ಒಂದು ತುಸುವೇ ಜೋರಾಗಿದ್ದರೂ ನಮ್ಮ ಕಿವಿ ಅದನ್ನು ‘ಹೆಚ್ಚು ಸ್ಪಷ್ಟ’, ‘ಹೆಚ್ಚು ತುಂಬಿದ ಧ್ವನಿ’ ಎಂದೇ ಗ್ರಹಿಸುತ್ತದೆ. ಯಾವುದು ನುಡಿಯುತ್ತಿದೆ ಎಂಬುದು ನಿಮಗೆ ತಿಳಿಯದಂತೆ ಇನ್ನೊಬ್ಬರಿಂದ ಬದಲಿಸಿ ಕೇಳಿ. ವ್ಯತ್ಯಾಸ ಗುರುತಿಸಲಾಗದಿದ್ದರೆ ಅಗ್ಗದ್ದನ್ನು ಇಟ್ಟುಕೊಂಡು, ಉಳಿದ ಹಣವನ್ನು ಸ್ಪೀಕರಿಗೋ ಹೆಡ್‌ಫೋನಿಗೋ ಹಾಕಿ. ಒಂದೇ ಕೃತಿಯ ಎರಡು ಆವೃತ್ತಿಗಳಲ್ಲಿ ಧ್ವನಿಯನ್ನು ಒತ್ತಿ ಜೋರು ಮಾಡದ ಆವೃತ್ತಿಯನ್ನು ಹುಡುಕಿ ಕೊಂಡರೂ ಪ್ಲೇಯರ್ ಬದಲಿಸಿದ್ದಕ್ಕಿಂತ ಹೆಚ್ಚು ಸುಖ ಸಿಗುತ್ತದೆ.

ಏಳನೆಯ ಹೆಜ್ಜೆ: ಬಳಸದ ದಿನಗಳಲ್ಲಿ ಕಾಪಾಡುವುದು

ಅಪರೂಪಕ್ಕೆ ಬಳಸುವ ಯಂತ್ರ ಸವೆತಕ್ಕಿಂತ ಸ್ತಬ್ಧತೆಯಿಂದಲೇ ಹೆಚ್ಚು ಹಾಳಾಗುತ್ತದೆ. ತಿಂಗಳಿಗೊಮ್ಮೆಯಾದರೂ ಟ್ರೇಯನ್ನು ಕೆಲವು ಸಲ ತೆರೆದು ಮುಚ್ಚಿ, ಒಂದು ಡಿಸ್ಕನ್ನು ಕೊನೆಯವರೆಗೆ ನುಡಿಸಿದರೆ ಬೆಲ್ಟು ಒಂದೇ ಭಂಗಿಯಲ್ಲಿ ಬಿಗಿಯುವುದಿಲ್ಲ, ಹಳಿಯ ಗ್ರೀಸೂ ಹರಡಿಕೊಂಡಿರುತ್ತದೆ. ಡಿಸ್ಕನ್ನು ಒಳಗೇ ಬಿಟ್ಟು ಇಡಬಾರದು. ಬಿಸಿ ಉಗುಳುವ ಆಂಪ್ಲಿಫೈಯರಿನ ಮೇಲೆ ಪ್ಲೇಯರನ್ನು ಕೂರಿಸಬಾರದು. ಒಳಗಿನ ಕೆಪ್ಯಾಸಿಟರುಗಳು ಬಿಸಿಗೆ ಬೇಗ ಒಣಗುತ್ತವೆ. ಚಳಿಯಿರುವ ಜಾಗದಿಂದ ಬೆಚ್ಚಗಿನ ಕೋಣೆಗೆ ತಂದಾಗ ಲೆನ್ಸಿನ ಮೇಲೆ ಇಬ್ಬನಿ ಕಟ್ಟುವುದರಿಂದ ಒಂದು ಗಂಟೆ ಬಿಟ್ಟು ಹಚ್ಚಬೇಕು. ಸಾಗಿಸುವಾಗ ತಳದಲ್ಲಿ ಬಿಗಿಯುವ ಸ್ಕ್ರೂ ಇರುವ ಮಾದರಿಯಾದರೆ ಅದನ್ನು ಮರೆಯದೆ ಬಿಗಿದು, ಮರಳಿ ಬಳಸುವ ಮುನ್ನ ಸಡಿಲಿಸಬೇಕು.

ಡಿಸ್ಕನ್ನು ಒರೆಸುವಾಗ ಮೆತ್ತನೆಯ ಬಟ್ಟೆಯನ್ನು ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಬೇಕು, ವೃತ್ತಾಕಾರವಾಗಿ ಉಜ್ಜಬಾರದು. ಜಾಡಿಗೆ ಅಡ್ಡವಾಗಿ ಬಿದ್ದ ಗೀರನ್ನು ಪ್ಲೇಯರ್ ಸುಲಭವಾಗಿ ಸರಿಪಡಿಸಿಕೊಳ್ಳುತ್ತದೆ, ಜಾಡಿನುದ್ದಕ್ಕೆ ಬಿದ್ದ ಉದ್ದನೆಯ ಗೀರನ್ನು ಸರಿಪಡಿಸಲಾರದು. ಹೊಳೆಯುವ ಬದಿಯನ್ನೇ ಎಲ್ಲರೂ ಜೋಪಾನ ಮಾಡುತ್ತಾರೆ. ನಿಜವಾಗಿ ಹೆಸರು ಅಚ್ಚಾದ ಬದಿಯೇ ಹೆಚ್ಚು ನಾಜೂಕು. ಅಲ್ಯೂಮಿನಿಯಂ ಪದರ ಇರುವುದು ಆ ಬದಿಯ ತೆಳು ಅರಗಿನ ಲೇಪದ ಕೆಳಗೆ. ಓದುವ ಬದಿಯಲ್ಲಾದರೋ ಒಂದು ಮಿಲಿಮೀಟರಿಗೂ ದಪ್ಪನೆಯ ಪ್ಲಾಸ್ಟಿಕ್ ಅಡ್ಡ ಇದೆ. ಆದ್ದರಿಂದ ಹೆಸರಿನ ಬದಿಯನ್ನು ಕೆಳಗೆ ಮಾಡಿ ಮೇಜಿನ ಮೇಲೆ ಎಳೆಯಬೇಡಿ, ಅದರ ಮೇಲೆ ಮೊನಚಾದ ಪೆನ್ನಿನಿಂದ ಬರೆಯಬೇಡಿ, ಕಾಗದದ ಚೀಟಿ ಅಂಟಿಸಬೇಡಿ.

ಓದುವಿಕೆ ತಡವರಿಸತೊಡಗಿದರೆ ಲೇಸರ್ ಹೋಯಿತೆಂದು ತೀರ್ಮಾನಿಸುವ ಮುನ್ನ ಲೆನ್ಸನ್ನು ಶುಚಿಗೊಳಿಸಿ ನೋಡಿ. ವಿದ್ಯುತ್ ಸಂಪರ್ಕ ಪೂರ್ತಿ ತೆಗೆದ ಮೇಲಷ್ಟೇ ಮುಚ್ಚಳ ಬಿಚ್ಚಬೇಕು. ಆ ಲೇಸರ್ ಕಣ್ಣಿಗೆ ಕಾಣುವಂಥದಲ್ಲ, ಆದರೆ ಕಣ್ಣಿಗೆ ಅಪಾಯಕಾರಿ. ಗಾಳಿ ಊದುವ ರಬ್ಬರ್ ಬುಡ್ಡಿಯಿಂದ ಧೂಳು ಹಾರಿಸಿ, ಸಾಲದಿದ್ದರೆ ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ತುಸುವೇ ತಾಗಿಸಿಕೊಂಡು, ಲೆನ್ಸಿನ ಮೇಲೆ ಭಾರ ಬಿಡದೆ ಒಂದೆರಡು ಸುತ್ತು ಸವರಿ. ಲೆನ್ಸ್ ತೆಳುವಾದ ಆಧಾರಗಳ ಮೇಲೆ ತೇಲುತ್ತಿರುತ್ತದೆ. ಒತ್ತಿದರೆ ಅವು ಬಾಗಿ, ಶುಚಿಗೊಳಿಸಲು ಹೋಗಿ ಕೆಡಿಸಿದಂತಾಗುತ್ತದೆ. ಇದಾದ ಮೇಲೂ ಸಿ.ಡಿ.-ಆರ್ ಓದದೆ, ಅಚ್ಚಿನ ಡಿಸ್ಕಿನಲ್ಲೂ ತಡವರಿಸಿದರೆ ಲೇಸರ್ ಜೋಡಣೆ ಬದಲಿಸುವ ಖರ್ಚನ್ನು ವಿಚಾರಿಸಿ. ಆ ಖರ್ಚು ಇನ್ನೊಂದು ಆರೋಗ್ಯವಂತ ಸೆಕೆಂಡ್ ಹ್ಯಾಂಡ್ ಯಂತ್ರದ ಅರ್ಧ ಬೆಲೆಯನ್ನು ಮೀರದಿದ್ದರೆ ದುರಸ್ತಿ ಮಾಡಿಸಿ, ಮೀರಿದರೆ ರಿಮೋಟು ಮತ್ತು ಕೇಬಲ್‌ಗಳನ್ನು ಉಳಿಸಿಕೊಂಡು, ಅದೇ ಮಾದರಿಯ ಇನ್ನೊಂದನ್ನು ಹುಡುಕಿ.